ಹಂದಿಯ ಎದುರು

ನನ್ನ ತವರು ಹಂಗಾರಕಟ್ಟೆ. ಅಪ್ಪ ದೋಣಿ ಕಟ್ಟುವವರು. ಹೊಳೆಯ ಬದಿಯ ಚಪ್ಪರದಲ್ಲಿ ಹಲಗೆ ಎತ್ತಿಕೊಡುವುದು, ಹಗ್ಗ ಎಳೆಯುವುದು, ಅರ್ಧ ಆದ ದೋಣಿಯನ್ನು ಓರೆ ಮಾಡುವಾಗ ಗಂಡಸರ ಜೊತೆ ಹೆಗಲು ಕೊಡುವುದು ನನಗೆ ಚಿಕ್ಕಂದಿನಿಂದ ರೂಢಿ. ಮೈಯಲ್ಲಿ ಬಲವಿತ್ತು. ಬಲ ಇದೆಯೆಂದು ಎಲ್ಲರೂ ಹೇಳುತ್ತಿದ್ದರು, ನಾನೂ ಕೇಳಿಸಿಕೊಳ್ಳುತ್ತಿದ್ದೆ.

ಮದುವೆಯಾಗಿ ಬಂದದ್ದು ಕೆರಾಡಿಗೆ. ಮನೆಯ ಹಿಂದೆ ಗದ್ದೆ, ಗದ್ದೆ ಮುಗಿದಲ್ಲಿ ಕಾಡು. ಗಂಡ ಮುಂಬಯಿಯಲ್ಲಿ ಹೋಟೆಲಿನ ಕೆಲಸಕ್ಕಿದ್ದರು, ವರ್ಷಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮನೆ ಎರಡು ಪಾಲಾಯಿತು. ಗಂಡನ ಅಣ್ಣ, ಅಂದರೆ ನನ್ನ ಭಾವ, ಮತ್ತು ಅವರ ಹೆಂಡತಿ ಅಂಗಳದ ಆಚೆ ಬದಿಯಲ್ಲಿದ್ದರು. ವಾರಗಿತ್ತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಒಮ್ಮೆ ಪಂಪು ಬಿಡುವ ಸರದಿಯ ವಿಷಯಕ್ಕೆ ನಮ್ಮಿಬ್ಬರಿಗೆ ಮಾತು ಬೆಳೆದು, ಆಮೇಲೆ ಮಾತೇ ನಿಂತುಹೋಯಿತು. ಅದರಿಂದ ನನಗೇನೂ ಕಷ್ಟವಾಗಲಿಲ್ಲ. ಒಬ್ಬಳೇ ಗದ್ದೆ ಮಾಡಿಸಿದೆ, ಒಬ್ಬಳೇ ಹಟ್ಟಿಯ ದನ ನೋಡಿಕೊಂಡೆ, ಸೋಗೆ ಹೊತ್ತೆ, ಸೌದೆ ಒಡೆದೆ. ಯಾರನ್ನೂ ಕರೆಯಬೇಕಾಗಿ ಬರಲಿಲ್ಲ. ಕರೆಯದೆ ಇರುವುದೇ ಒಂದು ಹೆಮ್ಮೆಯಾಯಿತು.

ಆ ಹೆಮ್ಮೆ ಇನ್ನೂ ಬಲಿತದ್ದು ಒಂದು ದಿನ ಬಸ್ಸಿನಲ್ಲಿ. ಕುಂದಾಪುರದಿಂದ ಬರುತ್ತಿದ್ದೆ. ನಿಲ್ಲಲೂ ಜಾಗವಿಲ್ಲದಷ್ಟು ಜನ. ಹಿಂದೆ ನಿಂತಿದ್ದ ಒಬ್ಬ ಬಸ್ಸು ಕುಲುಕಿದಾಗಲೆಲ್ಲ ಸೊಂಟಕ್ಕೆ ಕೈ ತಾಗಿಸುತ್ತಿದ್ದ. ಮೊದಲು ತಿರುಗಿ ನೋಡಿದೆ. ಅವನು ಕಿಟಕಿಯ ಆಚೆ ನೋಡಿದ. ಮತ್ತೆ ಕೈ ಬಂದಾಗ ನಾನು ಅವನ ಬೆರಳೊಂದನ್ನು ಹಿಡಿದು ಹಿಂದಕ್ಕೆ ಮಡಚಿದೆ. ಬಿಡಲಿಲ್ಲ. ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವನ ಬಾಯಿಂದ ಹೊರಟದ್ದು ಮಾತೂ ಅಲ್ಲ, ಕೂಗೂ ಅಲ್ಲ. ಹಾಲಾಡಿ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ಕೈಯನ್ನು ಎದೆಗೊತ್ತಿಕೊಂಡು ಇಳಿದು ಓಡಿದ.

"ಸಮಾ ಮಾಡಿದ್ರಿ ಅಕ್ಕ," ಎಂದ ಕಂಡಕ್ಟರು. ಸೀಟಿನಲ್ಲಿದ್ದ ಹೆಂಗಸರು ಜರುಗಿ ನನಗೆ ಜಾಗ ಕೊಟ್ಟರು.

ಅವನಿಗೆ ಅದು ಆಗಬೇಕಾದದ್ದೇ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈಯಲ್ಲಿ ಆ ಸದ್ದು ಉಳಿದಿತ್ತು, ಮತ್ತು ಅದು ನನಗೆ ಹಿತವಾಗಿತ್ತು.

ಮರುವರ್ಷ ಗೆಣಸಿನ ಕಾಲದಲ್ಲಿ ಒಂದು ಹಂದಿ ಹಗಲಿಗೇ ಗದ್ದೆಗೆ ಬಂತು. ಇನ್ನೂ ಪೂರ್ತಿ ಬೆಳೆಯದ ಹಂದಿ. ನಮ್ಮ ನಾಯಿ ಅದನ್ನು ಕಲ್ಲುಕಟ್ಟಿದ ಬದುವಿನ ಮೂಲೆಗೆ ಒತ್ತಿತ್ತು. ನಾನು ಕಾಯಿ ಸುಲಿಯುತ್ತಿದ್ದವಳು ಹಾರೆ ಎತ್ತಿಕೊಂಡು ಓಡಿದೆ. ಬೆನ್ನಿನ ಮೇಲೆ ಒಂದು ಬಿಟ್ಟೆ. ಹಾರೆಯ ಪೆಟ್ಟು ಎಲುಬಿಗೆ ತಾಗಿದ್ದು ಅಂಗೈವರೆಗೂ ತಿಳಿಯಿತು. ಹಂದಿ ಕಿರುಚುತ್ತ ಹಿಂಗಾಲು ಎಳೆದುಕೊಂಡು ಕಾಡಿಗೆ ನುಗ್ಗಿತು. ಅಷ್ಟೇ ನಡೆದದ್ದು. ಊರಿನಲ್ಲಿ ಅದು ಬೇರೆಯೇ ಕತೆಯಾಯಿತು. ಹಾಲಾಡಿಯ ಅಂಗಡಿಯಲ್ಲಿ ಹಿಂಡಿ ತರಲು ಹೋದಾಗ ಅಂಗಡಿಯವರು ಪಕ್ಕದವರಿಗೆ ತೋರಿಸಿ ಹೇಳಿದರು, "ಹಾರೆ ಹಿಡ್ಕಂಡ್ ಹಂದಿ ಓಡ್ಸಿದ್ದ್ ಇವ್ರೇ ಕಾಣಿ." ನಾನು ಅಲ್ಲ ಅನ್ನಲಿಲ್ಲ.

ಅದಾಗಿ ಮತ್ತೊಂದು ಗೆಣಸಿನ ಕಾಲ ಬಂತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಕೊಟ್ಟು ಬಂದಿದ್ದೆ. ಬಿಸಿಲು ಆಗತಾನೆ ಗದ್ದೆಗೆ ಇಳಿದಿತ್ತು. ನಾಯಿ ಬೊಗಳುವುದು ಕೇಳಿತು. ಯಾವಾಗಿನ ಬೊಗಳುವಿಕೆ ಅಲ್ಲ, ಗಂಟಲು ಹರಿಯುವ ಹಾಗೆ. ಆಮೇಲೆ ಒಂದು ಊಳು. ಆಮೇಲೆ ಏನೂ ಇಲ್ಲ.

ಹೋಗಿ ನೋಡಿದರೆ ಗೆಣಸಿನ ಗದ್ದೆಯ ನಡುವೆ ಒಂದು ಗಂಡು ಹಂದಿ. ನಾನು ಅಷ್ಟು ದೊಡ್ಡ ಹಂದಿಯನ್ನು ಅದುವರೆಗೆ ಕಂಡಿರಲಿಲ್ಲ. ಭುಜ ನನ್ನ ಸೊಂಟದ ಎತ್ತರಕ್ಕಿತ್ತು. ಯಾರೋ ಕಾಡಿನ ಅಂಚಿನಲ್ಲಿ ಕಟ್ಟಿದ್ದ ಕೇಬಲ್ಲಿನ ಉರುಳು ಅದರ ಹಿಂಗಾಲಿಗೆ ಬಿಗಿದಿತ್ತು. ಉರುಳು ಕಟ್ಟಿದ್ದ ಮರದ ತುಂಡನ್ನೇ ಕಿತ್ತುಕೊಂಡು ಬಂದಿತ್ತು. ತುಂಡು ಬದುವಿನ ಕಲ್ಲಿಗೆ ಸಿಕ್ಕಿಬಿದ್ದು, ಹಂದಿ ಸುತ್ತ ಸುತ್ತ ತಿರುಗುತ್ತ ಗದ್ದೆಯನ್ನು ಉತ್ತುಹಾಕಿತ್ತು. ಕೇಬಲ್ಲು ಕಾಲಿನ ಮಾಂಸದೊಳಕ್ಕೆ ಇಳಿದು ಬಿಳಿಯ ಎಲುಬು ಕಾಣುತ್ತಿತ್ತು. ನಮ್ಮ ನಾಯಿ ಸ್ವಲ್ಪ ದೂರದಲ್ಲಿ ಬಿದ್ದಿತ್ತು. ಹೊಟ್ಟೆ ಕುತ್ತಿಗೆಯಿಂದ ತೊಡೆಯವರೆಗೆ ಬಿಚ್ಚಿಹೋಗಿತ್ತು, ಬಳ್ಳಿಗಳ ಮೇಲೆ ಕರುಳು ಹರಡಿತ್ತು.

ಭಾವ ತಮ್ಮ ಅಂಗಳದಿಂದ ಕೂಗಿದರು. "ಹ್ವಾಯ್, ಹತ್ರ ಹೋಗ್ಬೇಡ. ಅದ್ರ್ ಕಾಲಿಗ್ ಉರ್ಲ್ ಬಿದ್ದಿತ್. ಫಾರೆಸ್ಟಿನೋರಿಗ್ ಫೋನ್ ಮಾಡಿದೆ, ಬತ್ತಾ ಇದ್ರ್."

"ಅವ್ರ್ ಬಪ್ಪಷ್ಟೊತ್ತಿಗೆ ಒಂದ್ ಗೆಣ್ಸೂ ಉಳಿತಿಲ್ಲೆ ಭಾವ," ಎಂದೆ. "ನೀವ್ ಅಲ್ಲೇ ನಿಲ್ಲಿ. ನಾ ಕಾಂತೆ."

ಅಕ್ಕ ಹೊರಗೆ ಬಂದು ನಿಂತಿದ್ದಳು. ಎಷ್ಟೋ ತಿಂಗಳ ನಂತರ ನನ್ನ ಜೊತೆ ಆಡಿದ ಮೊದಲ ಮಾತು ಅದು. "ಹೋಗ್ಬೇಡ ಅಂದ್ರೆ ಕೆಮಿ ಕೇಂತಿಲ್ಯಾ ನಿಂಗ್?"

ಅವಳು ಹೇಳಿದಳೆಂಬ ಕಾರಣಕ್ಕೇ ನಾನು ಇನ್ನೂ ಬೇಗ ಹೆಜ್ಜೆ ಹಾಕಿದೆನೇನೋ. ಹಟ್ಟಿಯ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡೆ. ಅಷ್ಟರಲ್ಲಿ ಸದ್ದು ಕೇಳಿ ಆಚೀಚೆ ಮನೆಯವರು ರಸ್ತೆ ಬದಿಯ ಎತ್ತರದ ಬದುವಿಗೆ ಬಂದು ನಿಂತಿದ್ದರು. ಇಬ್ಬರು ಮೊಬೈಲು ಎತ್ತಿ ಹಿಡಿದಿದ್ದರು. ಯಾರೋ ಹೇಳಿದ್ದು ಸ್ಪಷ್ಟವಾಗಿ ಕೇಳಿತು, "ಹ್ವಾಯ್, ಅವ್ರ್ ಬಂದ್ರ್ ಕಾಣಿ. ಇನ್ನ್ ಹಂದಿ ಕತಿ ಮುಗಿತ್."

ಲೆಕ್ಕ ಸರಿಯಾಗಿಯೇ ಹಾಕಿದ್ದೆ. ಹಂದಿ ಕೇಬಲ್ಲಿನ ಉದ್ದ ಮೀರಿ ಬರಲಾರದು. ಅದರ ಹೊರಗೆ ನಿಂತು ತಲೆಗೆ ಒಂದು ಪೆಟ್ಟು ಸರಿಯಾಗಿ ಹಾಕಿದರೆ ಆಯಿತು. ಬಸ್ಸಿನಲ್ಲಿ ಬೆರಳು ಮುರಿದ ಕೈ, ಹಂದಿಯ ಬೆನ್ನು ಮುರಿದ ಕೈ. ಆ ಕೈಗೆ ಇದು ದೊಡ್ಡದೆಂದು ಅನಿಸಲೇ ಇಲ್ಲ.

ಹಂದಿ ನನ್ನನ್ನು ಕಂಡು ತಿರುಗುವುದನ್ನು ನಿಲ್ಲಿಸಿತು. ಬಾಯಿಂದ ನೊರೆ ಸುರಿಯುತ್ತಿತ್ತು, ನೊರೆಯಲ್ಲಿ ನಾಯಿಯ ರೋಮ. ಹಲ್ಲು ಕಟಕಟ ಕಡಿಯುತ್ತಿತ್ತು. ನಾನು ಹಾರೆ ಎತ್ತಿ ಬೀಸಿದೆ. ಪೆಟ್ಟು ಹಣೆಗೆ ತಾಗಿ ಜಾರಿತು. ಕಲ್ಲಿಗೆ ಹೊಡೆದ ಹಾಗಾಯಿತು, ಮೊಣಕೈವರೆಗೆ ಕೈ ಜೋಮು ಹಿಡಿಯಿತು. ಹಂದಿ ಹಿಂದೆ ಸರಿಯಲಿಲ್ಲ. ಪೆಟ್ಟು ತಿಂದ ಸಿಟ್ಟಿಗೆ ಮುಂದಕ್ಕೆ ಚಿಮ್ಮಿತು. ಬದುವಿನ ಕಲ್ಲು ಕಳಚಿ ಮರದ ತುಂಡು ಬಿಡಿಸಿಕೊಂಡದ್ದು ನನಗೆ ಕಂಡಿತು. ಕಂಡದ್ದು ಮಾತ್ರ, ಕಾಲು ಎತ್ತಲು ಸಮಯವಿರಲಿಲ್ಲ.

ಬಲತೊಡೆಗೆ ಯಾರೋ ಬಲವಾಗಿ ತಳ್ಳಿದಂತಾಯಿತು. ನೋವು ಇಲ್ಲ. ಕೆಳಗೆ ನೋಡಿದರೆ ಸೀರೆ ಹರಿದಿದೆ, ಸೀರೆಯ ಒಳಗೆ ತೊಡೆಯೂ ಮೊಣಕಾಲಿನ ತನಕ ಹರಿದಿದೆ. ಹಳದಿಯ ಕೊಬ್ಬು ಕಂಡಿತು, ಆಮೇಲೆ ಅದರ ಮೇಲೆ ರಕ್ತ ಉಕ್ಕಿತು. ನಾನು ಕೂತೆನೋ ಬಿದ್ದೆನೋ ಗೊತ್ತಿಲ್ಲ. ಹಂದಿ ತಿರುಗಿ ಬಂತು. ಮುಖಕ್ಕೆ ಕೈ ಅಡ್ಡ ಹಿಡಿದೆ. ಮುಂಗೈ ಮುರಿದದ್ದು ಕಿವಿಗೆ ಕೇಳಿತು. ಬಸ್ಸಿನಲ್ಲಿ ಕೇಳಿದ್ದಕ್ಕಿಂತ ದಪ್ಪನೆಯ ಸದ್ದು. ಮಣ್ಣು ಬಾಯಿಗೆ ಹೋಯಿತು. ಮೇಲೆ ಅದರ ಭಾರ, ಬಿಸಿ ಉಸಿರು, ಕೆಸರು ಕೊಳೆತ ನಾತ. ನನ್ನ ಜೀವಮಾನದಲ್ಲಿ ಮೊದಲ ಬಾರಿ, ತಳ್ಳಿದರೆ ಅಲುಗದ ಒಂದು ವಸ್ತು ನನ್ನ ಮೈ ಮೇಲಿತ್ತು. ನಾನು ತಳ್ಳಿದೆ. ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ. ಅದು ಅಲುಗಲಿಲ್ಲ.

ಆಮೇಲೆ ಭಾರ ಇಳಿಯಿತು. ಭಾವ ಪಿಕಾಸಿ ಹಿಡಿದು ಬಂದಿದ್ದರು. ಅದರ ಪಕ್ಕೆಗೆ ಹೊಡೆದರು, ಮತ್ತೆ ಹೊಡೆದರು. ಹಂದಿ ನನ್ನನ್ನು ಬಿಟ್ಟು ಅವರ ಕಡೆ ತಿರುಗಿತು. ಅವರು ಹಿಂದಕ್ಕೆ ಹಾರಿ ತಿರುಗಿ ಓಡುವಾಗ ಬಳ್ಳಿಗೆ ಕಾಲು ಸಿಕ್ಕಿ ಬೋರಲು ಬಿದ್ದರು. ಹಂದಿ ತಲೆ ತಗ್ಗಿಸಿ ಅವರ ಹಿಮ್ಮಡಿಯ ಮೇಲೆ ಒಂದೇ ಸಲ ಕೊಯ್ದು, ಕೇಬಲ್ಲನ್ನೂ ತುಂಡನ್ನೂ ಎಳೆದುಕೊಂಡು ಕೆಳಗೆ ನೀರು ಹರಿಯುವ ತೋಡಿನ ಕಡೆಗೆ ಓಡಿತು. ತೋಡಿನ ಬದಿಯಲ್ಲೇ ಬಿದ್ದು ಸತ್ತಿತೆಂದು ಆಮೇಲೆ ಬಂದ ಫಾರೆಸ್ಟಿನವರಿಂದ ತಿಳಿಯಿತು. ಕಾಲು ಅರ್ಧ ಕಡಿದೇ ಹೋಗಿತ್ತಂತೆ.

ಬದುವಿನ ಮೇಲಿದ್ದವರು ಈಗ ಕೆಳಗಿಳಿದು ಓಡಿ ಬಂದರು. ಒಬ್ಬರು ಜೀಪು ತಂದರು. ನನ್ನನ್ನೂ ಭಾವನನ್ನೂ ಹಿಂದೆ ಅಕ್ಕಪಕ್ಕ ಮಲಗಿಸಿದರು. ಅಕ್ಕ ತನ್ನ ಸೀರೆಯ ಸೆರಗನ್ನು ಹರಿದು ನನ್ನ ತೊಡೆಗೆ ಒತ್ತಿ, ಅದರ ಮೇಲೆ ಎರಡೂ ಮೊಣಕಾಲು ಊರಿ ಕೂತಳು. ಜೀಪು ಹಾರಿದಾಗಲೆಲ್ಲ ಅವಳ ಭಾರ ಗಾಯದ ಮೇಲೆ ಬೀಳುತ್ತಿತ್ತು. ಆಗ ನೋವು ಬಂತು. ನಾನು ಅವಳ ತೋಳಿಗೆ ಗುದ್ದಿದೆ. ಅವಳು ಅಲುಗಲಿಲ್ಲ.

"ಕಣ್ಣ್ ಮುಚ್ಬೇಡ," ಅಂದಳು. "ಬೈಯುದಾರ್ ಬೈ, ಹೊಡೆಯುದಾರ್ ಹೊಡಿ. ಕಣ್ಣ್ ಮಾತ್ರ ಮುಚ್ಬೇಡ."

"ಭಾವಂಗ್ ಎಂತಾ ಆಯ್ತ್?"

"ಅವ್ರ್ ವಿಷ್ಯ ಈಗ ಬ್ಯಾಡ. ನನ್ನ್ ಮುಖ ಕಾಣ್."

ಅವಳ ಗಂಡ ಅವಳ ಬೆನ್ನ ಹಿಂದೆಯೇ ಮಲಗಿದ್ದರು. ಕುಂದಾಪುರ ಬರುವ ತನಕ ಅವಳು ಆ ಕಡೆ ತಿರುಗಿ ನೋಡಲಿಲ್ಲ. ತಿರುಗಿದರೆ ಗಾಯದ ಮೇಲಿನ ಒತ್ತು ಸಡಿಲವಾಗುತ್ತದೆ ಎಂಬ ಭಯಕ್ಕೆ ಎಂದು ಬಹಳ ದಿನಗಳ ಮೇಲೆ ಹೇಳಿದಳು.

ಆಸ್ಪತ್ರೆಯಲ್ಲಿ ತೊಡೆಯನ್ನು ಪದರ ಪದರವಾಗಿ ಹೊಲಿದರು. ಮುಂಗೈಗೆ ಪ್ಲೇಟು ಹಾಕಿದರು. ದೊಡ್ಡ ರಕ್ತನಾಳ ಸ್ವಲ್ಪದರಲ್ಲಿ ತಪ್ಪಿದೆ, ಅದು ಹರಿದಿದ್ದರೆ ಇಲ್ಲಿಯವರೆಗೆ ತಲುಪುತ್ತಿರಲಿಲ್ಲ ಎಂದರು ಡಾಕ್ಟರು. ಭಾವನ ಹಿಮ್ಮಡಿಯ ಮೇಲಿನ ದಪ್ಪ ನರ ಪೂರ್ತಿ ತುಂಡಾಗಿತ್ತು. ಅದನ್ನು ಜೋಡಿಸಿದರು, ಆದರೆ ಮೊದಲಿನ ಹಾಗೆ ನಡೆಯಲು ಆಗುವುದು ಕಷ್ಟ ಎಂದೂ ಹೇಳಿದರು.

ಗಂಡ ಸಿಕ್ಕಿದ ರೈಲು ಹತ್ತಿ ಬಂದರು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮೊದಲು ಕೇಳಿದ್ದೇ ಇದು.

"ಯಾರಿಗ್ ತೋರ್ಸುಕೆ ಹೋದ್ದ್ ನೀನ್?"

"ನಾಯಿ ಸತ್ ಬಿದ್ದಿತ್ತ್," ಎಂದೆ.

"ಸತ್ ನಾಯಿಗ್ ಎಂತ ಮಾಡುಕಿತ್ತ್?"

ಯಾರಿಗೆ ತೋರಿಸಲು ಹೋದದ್ದು ಎಂಬುದರ ಉತ್ತರ ನನಗೆ ಗೊತ್ತಾದದ್ದು ಮೊಬೈಲಿನಲ್ಲಿ. ಬದುವಿನ ಮೇಲಿದ್ದವರು ತೆಗೆದ ವಿಡಿಯೊ ಅಷ್ಟರಲ್ಲಿ ಎಲ್ಲ ಕಡೆ ಹೋಗಿತ್ತು. ವಾರ್ಡಿನ ಪಕ್ಕದ ಮಂಚದವರ ಹತ್ತಿರವೂ ಇತ್ತು. ಅವರು ತೋರಿಸಲೋ ಬೇಡವೋ ಎಂದು ಅನುಮಾನಿಸುತ್ತ ತೋರಿಸಿದರು. ಅದರಲ್ಲಿ ನಾನು ಹಾರೆ ಎತ್ತುತ್ತೇನೆ. ಎತ್ತಿದವಳು ತಕ್ಷಣ ಬೀಸುವುದಿಲ್ಲ. ಕತ್ತು ತಿರುಗಿಸಿ ಒಮ್ಮೆ ಬದುವಿನ ಕಡೆ ನೋಡುತ್ತೇನೆ, ಎಲ್ಲರೂ ನೋಡುತ್ತಿದ್ದಾರಾ ಎಂದು. ಮುಖದಲ್ಲಿ ನಗುವಿದೆ. ಆ ನೋಟದ ಹೊತ್ತಿನಲ್ಲಿ ಹಂದಿ ತಲೆ ತಗ್ಗಿಸಿ ಮುಂಗಾಲು ಊರುವುದು ಸರಿಯಾಗಿ ಕಾಣುತ್ತದೆ. ನಾನು ಹಾಗೆ ತಿರುಗಿದ್ದು ನನಗೆ ನೆನಪೇ ಇರಲಿಲ್ಲ. ವಿಡಿಯೊವನ್ನು ಮುಂದೆ ನೋಡಲಾಗದೆ ಮೊಬೈಲು ವಾಪಸು ಕೊಟ್ಟೆ. ಆ ಮುಂದಿನದು ಹೇಗೂ ಮೈಗೆ ಗೊತ್ತಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಗೆ ಬಂದ ಮೇಲೆ ಗಂಡ ಕೆಲವು ದಿನ ಇದ್ದು ಹೋದರು. ಅಡುಗೆ, ಹಟ್ಟಿ, ನನಗೆ ಸ್ನಾನ ಮಾಡಿಸುವುದು, ಎಲ್ಲ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಅವಳ ಗಂಡನೂ ಮಲಗಿದ್ದರು, ಇಲ್ಲಿ ನಾನೂ. ಅವಳು ಅಂಗಳದ ಆಚೆ ಈಚೆ ಓಡಾಡುವುದನ್ನು ಕಿಟಕಿಯಿಂದ ನೋಡುವುದು ನನಗೆ ಹಂದಿಯ ಹಲ್ಲಿಗಿಂತ ಹೆಚ್ಚು ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಅವಳು ಬರುವ ಮೊದಲೇ ವಾಕರನ್ನು ಬದಿಗಿಟ್ಟು, ಗೋಡೆ ಹಿಡಿದು ಬಾವಿಕಟ್ಟೆಗೆ ಹೋದೆ. ಎಡಗೈಯಲ್ಲಿ ಎಳೆಯುತ್ತ, ಹಗ್ಗವನ್ನು ಹೊಟ್ಟೆಯಿಂದ ಕಟ್ಟೆಗೆ ಒತ್ತಿ ಹಿಡಿಯುತ್ತ ಒಂದು ಕೊಡಪಾನ ನೀರು ಸೇದಿದೆ. ಸೇದಲು ಆಯಿತು. ಆಯಿತಲ್ಲ ಎಂದು ಅದನ್ನು ಸೊಂಟಕ್ಕೆ ಏರಿಸಿದೆ. ತೊಡೆಯಲ್ಲಿ ಏನೋ ಟಪ್ಪೆಂದಿತು. ಬಿಸಿಯಾಗಿ ಪಾದದವರೆಗೆ ಇಳಿಯಿತು. ಕೊಡಪಾನ ಕಲ್ಲಿಗೆ ಬಿದ್ದು ಉರುಳಿತು, ನಾನು ಅದರ ಮೇಲೆ ಬಿದ್ದೆ.

ಸದ್ದಿಗೆ ಅಕ್ಕ ಓಡಿ ಬಂದಳು. ಬಾವಿಕಟ್ಟೆಯ ನೀರು ಕೆಂಪಗೆ ಹರಿಯುತ್ತಿತ್ತು. ಅವಳು ಬಗ್ಗಿ ನನ್ನನ್ನು ಎತ್ತುತ್ತಾಳೆ ಅಂದುಕೊಂಡೆ. ಕೆನ್ನೆಗೆ ಹೊಡೆದಳು. ಕೈ ಬೀಸಿ, ಪೂರ್ತಿ ಬಲ ಹಾಕಿ. ಕಿವಿಯಲ್ಲಿ ಗುಂಯ್ ಎಂದಿತು, ತುಟಿ ಹಲ್ಲಿಗೆ ಒತ್ತಿ ಒಡೆಯಿತು.

"ನಿನ್ನ್ ಕಾಲ್ ಹೋರೆ ನಿನ್ನ್ ಕಾಲ್ ಮಾತ್ರ ಹೋತ್ತ್ ಅಂದ್ ಮಾಡಿದ್ಯಾ?" ಅವಳ ದನಿ ಏರಲಿಲ್ಲ. "ನಮ್ಮನಿಯೋರ್ ಇನ್ನ್ ಗುಡ್ಡಿ ಹತ್ತೂದಿಲ್ಲೆ. ನಿಂದ್ ಒಂದ್ ಕಾಲಾರೂ ಸಮಾ ಆಯ್ಲಿ ಅಂದೇಳಿ ನಾ ಇಲ್ಲ್ ಬತ್ತಿಪ್ಪುದ್. ಒಂದ್ ಕೊಡಪಾನ ನೀರ್ ಬೇಕಿದ್ರೆ ಅಕ್ಕ ಅಂದೇಳಿ ಕರೂಕೆ ಬಾಯಿ ಇಲ್ಯಾ ನಿಂಗ್?"

ನಾನು ಅಳಲಿಲ್ಲ. ಅಳು ಬಂದದ್ದು ಅವಳಿಗೆ. ಅಳುತ್ತಲೇ ತನ್ನ ಸೆರಗನ್ನು ಮತ್ತೆ ಗಾಯಕ್ಕೆ ಒತ್ತಿ ಹಿಡಿದಳು.

"ಅಕ್ಕ," ಎಂದೆ, "ನಂಗ್ ಏಳುಕ್ ಆತಿಲ್ಲೆ. ಒಂಚೂರ್ ಎತ್ತ್."

ಅಷ್ಟು ಹೇಳುವುದು ಹಾರೆ ಎತ್ತುವುದಕ್ಕಿಂತ ಕಷ್ಟವಾಯಿತು.

ಹೊಲಿಗೆ ಮತ್ತೆ ಹಾಕಿಸಿಕೊಂಡು ಬಂದೆ. ಗಾಯ ಮಾಗಿದ ಮೇಲೆ ನನಗೂ ಭಾವನಿಗೂ ವ್ಯಾಯಾಮ ಮಾಡಿಸಲು ಬ್ರಹ್ಮಾವರಕ್ಕೆ ಹೋಗಬೇಕಿತ್ತು. ಇಬ್ಬರೂ ಕೋಲು ಹಿಡಿದು ಒಂದೇ ಬಸ್ಸಿಗೆ ಹತ್ತುತ್ತಿದ್ದೆವು. ಭಾವ ಮೊದಲು ಗುಡ್ಡದ ಮೇಲೆ ರಬ್ಬರು ಟ್ಯಾಪಿಂಗ್ ಮಾಡುತ್ತಿದ್ದವರು, ಬೆಳಕು ಹರಿಯುವಾಗ ಸರಸರ ಏರಿ ಹೋಗುವವರು. ಈಗ ಬಸ್ಸಿನ ಮೆಟ್ಟಿಲಿಗೆ ಕಂಡಕ್ಟರು ಕೈ ಕೊಡಬೇಕಿತ್ತು. ಆ ಕಾಲು ನನ್ನ ಲೆಕ್ಕಕ್ಕೆ ಎಂದು ನನಗೆ ಪ್ರತಿಸಲ ಅನಿಸುತ್ತಿತ್ತು. ಒಂದು ದಿನ ಕಾಯುವ ಬೆಂಚಿನಲ್ಲಿ ಕೂತಾಗ ಹೇಳಿಯೇ ಬಿಟ್ಟೆ.

"ನನ್ನ್ ಉಳ್ಸುಕೆ ಬಂದ್ ನಿಮ್ಗ್ ಹೀಂಗಾಯ್ತ್ ಭಾವ."

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಬಂದದ್ದ್ ಉಳ್ಸುಕೇ. ಆರೆ ಬಂದ್ ಮೇಲೆ ಸುಮ್ನೆ ಅದನ್ನ ಆಚಿಗ್ ಓಡ್ಸಿರೆ ಸಾಕಿತ್ತ್. ನಂಗೂ ಕಂಡಿತ್, ಇನ್ನೊಂದ್ ಹಾಕಿರೆ ಇಲ್ಲೇ ಮಲ್ಕಂತ್ತ್ ಅಂದೇಳಿ. ಎಲ್ಲಾ ಕಾಂತಿದ್ರಲ್ಲ."

ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ ಈಗಲೂ ತಿಳಿಯದು. ಒಳಗಿನಿಂದ ಅವರನ್ನು ಕರೆದರು. ಎದ್ದು ಹೋದರು. ಕಾಲು ಎಳೆಯುವ ಸದ್ದು ಉದ್ದಕ್ಕೂ ಕೇಳಿತು.

ಮರುವರ್ಷ ಎರಡೂ ಮನೆಯವರು ಸೇರಿ ಗೆಣಸು ಹಾಕಿದೆವು. ಹಂದಿ ಹೆದರಲೆಂದು ಬೇಲಿಗೆ ಬಣ್ಣದ ಸೀರೆ ಸುತ್ತಿದೆವು. ಆದರೂ ಒಂದು ಸಂಜೆ ಕತ್ತಲಾಗುವ ಮೊದಲೇ ಹಂದಿ ಬಂತು. ಒಂಟಿಯಲ್ಲ, ತಾಯಿಯೂ ಮರಿಗಳೂ. ನಾನು ಅಂಗಳದಲ್ಲಿದ್ದೆ. ಬೇಲಿ ಮುರಿಯುವ ಸದ್ದು ಕೇಳಿತು. ಕೈ ತಾನಾಗಿ ಹಟ್ಟಿಯ ಗೋಡೆಯ ಕಡೆ ಚಾಚಿತು, ಹಾರೆ ಸಿಕ್ಕಿತು. ಅದನ್ನು ಎತ್ತಿದೆ. ಪ್ಲೇಟು ಹಾಕಿದ ಮುಂಗೈ ಎಷ್ಟು ತಡೆಯುತ್ತದೆ ಎಂದು ಎತ್ತಿದ ಕ್ಷಣಕ್ಕೇ ಗೊತ್ತಾಯಿತು. ಹಾಗೇ ಕೆಳಗಿಟ್ಟೆ.

ಪಕ್ಕದ ಮನೆಯ ಹಿರಿಯರೊಬ್ಬರು ರಸ್ತೆಯಿಂದ ಕೂಗಿ ಕೇಳಿದರು, "ಎಂತ, ಹಂದಿ ಓಡ್ಸೋರ್ ಇವತ್ತ್ ಹೋತಿಲ್ಯಾ?"

"ನನ್ನಿಂದ ಆತಿಲ್ಲೆ," ಎಂದೆ. ಅಕ್ಕನನ್ನು ಕೂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳು ಪಕ್ಕದ ಬಾಗಿಲಿನಿಂದ ಬಂದಳು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಡಬ್ಬಿ ಬಡಿದೆವು. ಭಾವ ತಮ್ಮ ಜಗಲಿಯಲ್ಲಿ ಕೂತು ಗರ್ನಾಲು ಪಟಾಕಿ ಹೊಡೆದರು. ಹಂದಿಗಳು ಕೇಳಿಸಿಕೊಳ್ಳಲಿಲ್ಲ. ಬಳ್ಳಿ ಹರಿಯುವುದು, ಮಣ್ಣು ಸೀಳುವುದು, ಗೆಣಸು ಕಚಕಚ ಅಗಿಯುವುದು ಎಲ್ಲ ಕೇಳುತ್ತಿತ್ತು. ಅಕ್ಕ ನನ್ನ ಭುಜ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಡಬ್ಬಿ ಬಡಿಯುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ಅವು ತಾವಾಗಿ ಹೋದವು.

ಬೆಳಿಗ್ಗೆ ಗದ್ದೆಗೆ ಇಳಿದಾಗ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಉಳಿದದ್ದನ್ನು ಅಕ್ಕ ಅಗೆದಳು, ನಾನು ಕೂತಲ್ಲೇ ಮಣ್ಣು ಉದುರಿಸಿ ಬುಟ್ಟಿಗೆ ಹಾಕಿದೆ. ಬುಟ್ಟಿ ತುಂಬಿದಾಗ ಎತ್ತಲು ಹೋಗದೆ ಅವಳ ಕಡೆ ನೋಡಿದೆ. ಅವಳು ಬಂದು ಒಂದು ಬದಿ ಹಿಡಿದಳು, ನಾನು ಇನ್ನೊಂದು ಬದಿ.